ಒಳಜೇಬಿನ ಚೀಟಿ

"ನೀವಾ...?"

ಬೆಟ್ಟದ ಬುಡದ ಟಿಕೆಟ್ ಕಿಟಕಿಯ ಮುಂದೆ ಆ ಒಂದು ಪದ ಇಬ್ಬರ ಬಾಯಿಂದಲೂ ಒಟ್ಟಿಗೇ ಬಂತು.

ಜಲಪಾತದವರೆಗೆ ದಾರಿ ತೋರಿಸಲು ಬಂದ ಗೈಡ್ ಅವನೇ! ಮೂರು ವರ್ಷದ ಹಿಂದೆ, ಚೀಲದ ಕಾರ್ಖಾನೆಯಲ್ಲಿ, ಎಲ್ಲರೆದುರು ಅವಳ ಮಾನ ಕಳೆದವನು.

ಅವಳ ಜೊತೆ ಬೆಟ್ಟ ಹತ್ತಲು ಬಂದಿದ್ದ ಗೆಳತಿ ಇಬ್ಬರ ಮುಖವನ್ನೂ ನೋಡಿದಳು. "ಪರಿಚಯಾನಾ?"

"ಮರೆಯೋಕಾಗದಷ್ಟು," ಎಂದಳು ಅವಳು.

ಆಗ ಅವಳು ಬೆನ್ನಿಗೆ ಹಾಕುವ ಚೀಲಗಳ ಹೆಗಲಪಟ್ಟಿ ಹೊಲಿಯುತ್ತಿದ್ದಳು. ಮಾತು ಚುಚ್ಚುತ್ತದೆಂದು ಎಲ್ಲರೂ ಅವಳನ್ನು 'ಸೂಜಿ' ಎನ್ನುತ್ತಿದ್ದರು. ಅವನು ಹೊಲಿಗೆ ಪರೀಕ್ಷಿಸುವವನು. ಕೈಯಲ್ಲಿ ಸದಾ ಇರುತ್ತಿದ್ದ ಸೀಮೆಸುಣ್ಣವೇ ಅವನ ಅಡ್ಡಹೆಸರು. ಕೆಟ್ಟ ಚೀಲದ ಮೇಲೆ ಅವನು ಅಡ್ಡಗೀಟು ಎಳೆಯುವುದು, ಕಾರಣವನ್ನು ಚೀಟಿಯಲ್ಲಿ ಬರೆದು ಒಳಜೇಬಿನಲ್ಲಿ ಇಡುವುದು, ಹೊಲಿದವರು ತೆಗೆದು ಓದಿಕೊಳ್ಳುವುದು. ಅದು ಅಲ್ಲಿಯ ಪದ್ಧತಿ.

ಊಟದ ಬಿಡುವಿನಲ್ಲಿ ಅವನು ಏನಾದರೂ ನೆಪ ಮಾಡಿಕೊಂಡು ಅವಳ ಮಷಿನ್ ಬಳಿ ಬರುತ್ತಿದ್ದ. ಬರದ ದಿನ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ.

ಅಂಥವನು ಒಂದು ದಿನ, ಮಾಲೀಕರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅವಳ ಇಡೀ ರಾಶಿಗೆ ಗೀಟು ಎಳೆದುಬಿಟ್ಟ. ಒಂದನ್ನೂ ಬಿಡದೆ! ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳು ಮೇಲಿದ್ದ ಚೀಲವನ್ನು ಕಾಲಿನಿಂದ ಒದ್ದು ಹೊರಗೆ ನಡೆದಳು. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಈಗ ಪರದೆ ಹೊಲಿಯುವ ಅಂಗಡಿಯೊಂದರಲ್ಲಿ ಕೆಲಸ.

ಆ ನಗು ಮಾತ್ರ ಕಿವಿ ಬಿಟ್ಟು ಹೋಗಿರಲಿಲ್ಲ.

ದಾರಿಯುದ್ದಕ್ಕೂ ಅವನು ಏನೋ ಹೇಳಲು ನೋಡಿದ. ಅವಳು ಬಾಯಿ ತೆರೆಯಲು ಬಿಡಲಿಲ್ಲ. ಪಾಚಿಗಟ್ಟಿದ ಮೆಟ್ಟಿಲಲ್ಲಿ ಅವನು ಕೈ ಚಾಚಿದಾಗ, ನಿಮ್ಮನ್ನು ನಂಬಿ ಒಮ್ಮೆ ಬಿದ್ದದ್ದೇ ಸಾಕು ಎಂದಳು.

"ಲೇ ಸೂಜಿ, ಬೆಟ್ಟ ಹತ್ತೋಕೆ ಬಂದಿದ್ದೀಯೋ, ಜಗಳ ಆಡೋಕೋ?" ಗೆಳತಿ ಏದುಸಿರು ಬಿಡುತ್ತ ಕೇಳಿದಳು.

"ಎರಡಕ್ಕೂ ಪುರುಸೊತ್ತಿದೆ."

ಒಳಗೆ ಮಾತ್ರ ಒಂದೇ ಯೋಚನೆ. 'ಇವನಿಗೂ ಗೊತ್ತಾಗಬೇಕು... ನಾಲ್ಕು ಜನರ ಮುಂದೆ ತಲೆ ತಗ್ಗಿಸುವುದು ಹೇಗಿರುತ್ತದೆ ಅಂತ.'

ಜಲಪಾತಕ್ಕೆ ಸ್ವಲ್ಪ ಮೊದಲು ಅವನು ತನ್ನ ಬೆನ್ನಚೀಲವನ್ನು ಬಂಡೆಗೆ ಒರಗಿಸಿ, ನೀರಿನ ಮಟ್ಟ ನೋಡಲು ಮುಂದೆ ಹೋದ. ಗೆಳತಿ ಫೋಟೋ ತೆಗೆಯುತ್ತಿದ್ದಳು.

ಅವಳ ಪರ್ಸಿನಲ್ಲಿ ದಾರ ಕತ್ತರಿಸುವ ಪುಟ್ಟ ಕತ್ತರಿ ಯಾವಾಗಲೂ ಇರುತ್ತಿತ್ತು. ಹೆಗಲಪಟ್ಟಿಯ ಬುಡದಲ್ಲಿ ಎಲ್ಲಿ ಕತ್ತರಿಸಿದರೆ ಎಷ್ಟು ಹೊತ್ತು ತಡೆಯುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ನಾಲ್ಕೇ ಹೊಲಿಗೆ ಉಳಿಸಿದಳು. ಜನರೆದುರು ಚೀಲ ಕಿತ್ತು ನೀರಿಗೆ ಬೀಳಲಿ. ಅವರೂ ಕಿಸಕ್ಕನೆ ನಗಲಿ.

ಅವನು ಬಂದು ಚೀಲ ಹೆಗಲಿಗೇರಿಸಿದ.

ಜಲಪಾತದ ಮಗ್ಗುಲಲ್ಲಿ ಒದ್ದೆ ಬಂಡೆಯ ಕಿರಿದಾದ ಅಂಚು ದಾಟಬೇಕಿತ್ತು. ಆಚೆ ಜನ ನಿಂತಿದ್ದರು, ಕೆಳಗೆ ನೀರು ಭೋರ್ಗರೆಯುತ್ತಿತ್ತು. ಅಷ್ಟರಲ್ಲಿ ಗೆಳತಿ ಹಿಮ್ಮಡಿಯ ಬೊಬ್ಬೆ ಒಡೆಯಿತೆಂದು ಕುಳಿತುಬಿಟ್ಟಳು. ಅವನು ಗೆಳತಿಯ ಭಾರದ ಚೀಲವನ್ನೂ ತನ್ನದಕ್ಕೆ ಸಿಕ್ಕಿಸಿಕೊಂಡು, ಹಿಂದೆ ನಿಂತಿದ್ದ ಸೂಜಿಗೆ ಹೇಳಿದ, "ಒಳಜೇಬಲ್ಲಿ ಬ್ಯಾಂಡೇಜ್ ಪಟ್ಟಿ ಇದೆ, ತೆಗೆದು ಅವ್ರಿಗೆ ಹಾಕಿ."

ಅವಳು ಅವನ ಬೆನ್ನಮೇಲಿನ ಚೀಲಕ್ಕೆ ಕೈ ಹಾಕಿದಳು.

ಒಳಗಿನ ಅಸ್ತರಿನಲ್ಲಿ ಒಂದು ಕೆಂಪು ಗಂಟು. ಅವಳದೇ ಗಂಟು! ಪ್ರತಿ ಚೀಲಕ್ಕೂ ಗುಟ್ಟಾಗಿ ಹಾಕುತ್ತಿದ್ದದ್ದು. ಬೊಬ್ಬೆಯ ಪಟ್ಟಿಯ ಜೊತೆಗೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಚೀಟಿ ಕೈಗೆ ಬಂತು.

'ದಾರ ಕಳಪೆ, ಎಳೆದರೆ ಕಿತ್ತು ಬರುತ್ತೆ. ಹೊಲಿದವರ ತಪ್ಪಲ್ಲ.'

ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ: 'ಸಂಜೆ ಗೇಟಿನ ಹತ್ತಿರ ಕಾಯ್ತೀನಿ. ಒಂದು ಮಾತು ಹೇಳೋದಿದೆ.'

ಓದಿ ತಲೆಯೆತ್ತಿದಾಗ, ಚೀಲಗಳನ್ನು ಮೊದಲು ಆಚೆ ಇಟ್ಟುಬರಲು ಹೊರಟಿದ್ದ ಅವನ ಒಂದು ಕಾಲು ಆಗಲೇ ಅಂಚಿನ ಮೇಲಿತ್ತು. ಎರಡು ಚೀಲದ ಭಾರ. ನಾಲ್ಕು ಹೊಲಿಗೆ. ಭಾರ ಒಂದು ಕಡೆಗೆ ವಾಲಿದರೆ ಬೀಳುವುದು ಚೀಲವಲ್ಲ, ಅವನು.

"ನಿಲ್ಲಿ! ಹೆಜ್ಜೆ ಇಡಬೇಡಿ..."

ಓಡಿಹೋಗಿ ಹಿಂದಿನಿಂದ ಚೀಲವನ್ನು ತಬ್ಬಿ ಎಳೆದಳು. ಅವನು ಹಿಂದಕ್ಕೆ ಕಾಲಿಟ್ಟ ಅದೇ ಗಳಿಗೆ ಹೆಗಲಪಟ್ಟಿ ಪಟ್ಟನೆ ಕಿತ್ತುಹೋಯಿತು. ಇಬ್ಬರೂ ಈಚೆಯ ಒಣ ಬಂಡೆಯ ಮೇಲೆ ಕುಸಿದರು.

"ನಾನೇ ಕತ್ತರಿಸಿದ್ದು," ಎಂದಳು. "ನಿಮ್ಮ ಮಾನ ಹೋಗ್ಲಿ ಅಂತ. ಪ್ರಾಣ ಅಲ್ಲ... ಅಷ್ಟು ದೂರ ಯೋಚ್ನೆ ಮಾಡ್ಲೇ ಇಲ್ಲ."

ಗೆಳತಿ ಬೊಬ್ಬೆ ಮರೆತು ಬಾಯಿ ತೆರೆದು ಕುಳಿತಿದ್ದಳು.

ಅವನ ಮುಖ ಬಿಳಿಚಿತ್ತು. ಆದರೂ ಹಳೆಯ ಅಭ್ಯಾಸ ಬಿಡಲಿಲ್ಲ. ಕಿತ್ತ ತುದಿಯ ಮೇಲೆ ಹೆಬ್ಬೆರಳಾಡಿಸಿದ. "ಕತ್ತರಿಸೋದ್ರಲ್ಲೂ ಕೈ ನೀಟು."

"ಅವತ್ತೇ ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಮಗೆ?"

ದಾರ ತರಿಸಿದ್ದ ಮಾಲೀಕರೇ ಪಕ್ಕದಲ್ಲಿದ್ದರು, ಧೈರ್ಯ ಬರಲಿಲ್ಲ ಎಂದ. ಚೀಟಿ ಓದುತ್ತಾಳೆಂದು ನಂಬಿದ್ದನಂತೆ. ವಾರವಿಡೀ ಗೇಟಿನಲ್ಲಿ ಕಾದನಂತೆ. ಕೊನೆಗೆ ದಾರದ ವಿಷಯ ಮಾಲೀಕರ ಮುಖಕ್ಕೇ ಹೇಳಿದ್ದಕ್ಕೆ ಕೆಲಸವೂ ಹೋಯಿತು. ಅವಳು ಒದ್ದ ಚೀಲವನ್ನು ಮನೆಗೆ ಒಯ್ದು, ಗಟ್ಟಿ ದಾರದಲ್ಲಿ ತಾನೇ ಮತ್ತೆ ಹೊಲಿದಿದ್ದ.

ಮೂರು ವರ್ಷ ಹೊತ್ತ ಸಿಟ್ಟು... ಒಳಜೇಬಿಗೆ ಕೈ ಹಾಕದ ಸಿಟ್ಟು. ಅವಳಿಗೆ ಅಳು ಬಂತು. ಅಳುತ್ತಲೇ ಪರ್ಸಿನಿಂದ ದಪ್ಪ ಸೂಜಿ ತೆಗೆದು, ಕೆಂಪು ಗಂಟು ಹಾಕಿ, ಪಟ್ಟಿ ಹೊಲಿಯಲು ಕುಳಿತಳು. ತುಂತುರು ಹನಿ ಅವಳ ಬೆರಳನ್ನೂ ದಾರವನ್ನೂ ತೋಯಿಸುತ್ತಿತ್ತು.

"ಅವತ್ತು ಸಂಜೆ ಹೇಳ್ಬೇಕಿದ್ದ ಮಾತು ಏನು?" ತಲೆಯೆತ್ತದೆ ಕೇಳಿದಳು.

"ಚೀಟೀಲಿ ಬರೆದು ಕೊಡ್ಲಾ?"

"ಬೇಡ. ನಿಮ್ಮ ಚೀಟಿ ಸಹವಾಸ ಸಾಕು."

ಅವನು ಗಂಟಲು ಸರಿಮಾಡಿಕೊಂಡ. "ನಿಮ್ಮನ್ನ ಮದುವೆ ಆಗ್ಬೇಕು ಅಂತಿದ್ದೆ. ಈಗ್ಲೂ... ಅದೇ ಆಸೆ."

ಅವಳು ಕೊನೆಯ ಹೊಲಿಗೆ ಎಳೆದು, ದಾರವನ್ನು ಹಲ್ಲಿನಿಂದ ಕಡಿದು, ಚೀಲವನ್ನು ಅವನ ಮಡಿಲಿಗಿಟ್ಟಳು.

"ಎಳೆದು ನೋಡಿ. ಪಾಸಾ?"

ಅವನು ಎರಡು ಸಲ ಜಗ್ಗಿದ. "ಪಾಸ್."

"ಹಾಗಾದ್ರೆ," ಎಂದಳು ಅವಳು, "ನೀವೂ ಪಾಸ್."