ಯಾರೂ ಕರೆಯದ ಓ

"ಓ... ಬಂದೆ."

ಅಡುಗೆಮನೆಯಿಂದ ಬಂದು ರಾಜೇಶ್ವರಿ ಬಾಗಿಲು ತೆರೆದಳು. ಹೊಸ್ತಿಲಾಚೆ ಗುರುತಿಲ್ಲದ ಯುವಕನೊಬ್ಬ ಬಾಗಿಲು ಬಡಿಯಲು ಕೈ ಎತ್ತಿ ನಿಂತಿದ್ದ.

"ನಾ ಇನ್ನೂ ಕರದ ಇಲ್ಲಲ್ರಿ..." ಎಂದ.

ಅವಳ ಮುಖ ಬಿಳಿಚಿತು. ಹಿಂದೆ ನಿಂತಿದ್ದ ತಾಯಿ ಸುಂದರವ್ವ ಹಣೆ ಚಚ್ಚಿಕೊಂಡಳು. ಕನ್ಯಾ ನೋಡಲು ಬಂದ ಹುಡುಗನಿಗೆ ಮೊದಲು ಕಂಡದ್ದೇ ಇದಾಯಿತಲ್ಲ, ಶಿವನೇ!

ಮುರಗೋಡಿನಲ್ಲಿ ಇದು ಯಾರಿಗೆ ಗೊತ್ತಿಲ್ಲ ಹೇಳಿ? ವರ್ಷದಿಂದ ಈ ಹುಡುಗಿ ಯಾರೂ ಕರೆಯದಿದ್ದರೂ 'ಓ' ಎನ್ನುತ್ತಾಳೆ. ಸೌಟು ಕೆಳಗಿಟ್ಟು ಬಾಗಿಲಿಗೆ ಹೋಗುತ್ತಾಳೆ. ಅಲ್ಲಿ ಬಿಸಿಲು ಬಿಟ್ಟರೆ ಏನೂ ಇರುವುದಿಲ್ಲ. ದನಿ ಕೇಳಿತೇ ಎಂದರೆ ಇಲ್ಲ ಎನ್ನುತ್ತಾಳೆ. ಉತ್ತರ ಮಾತ್ರ ತಾನಾಗಿ ಬಂದುಬಿಡುತ್ತದೆ.

ಮನುಷ್ಯ ಮೂರು ಸಲ ಕರೆಯುತ್ತಾನೆ, ದೆವ್ವ ಒಂದೇ ಸಲ, ಅದಕ್ಕೆ ಮೊದಲ ಕೂಗಿಗೆ ಓಗೊಡಬಾರದು ಎಂದು ಊರಿನ ಹಿರಿಯರು ಹೇಳುತ್ತಾರೆ. ಕೂಗೇ ಇಲ್ಲದೆ ಓಗೊಟ್ಟವಳಿಗೆ ಏನೆನ್ನಬೇಕು? ಗಾಳಿ ಸೋಕಿದೆ ಎಂದರು. ಬಂದ ಎರಡು ಸಂಬಂಧ ಮುರಿದವು. ಇದೂ ಮುರಿದರೆ ಇನ್ನೊಬ್ಬರು ಬರುವ ಭರವಸೆ ಇರಲಿಲ್ಲ.

ಹುಡುಗ ಸಂಪಗಾಂವದ ಗೌರೀಶ. ಪುಣೆಯ ಪ್ರಯೋಗಾಲಯವೊಂದರಲ್ಲಿ ಜೀವಕೋಶಗಳ ಮೇಲೆ ಸಂಶೋಧನೆ ಮಾಡುತ್ತಿದ್ದ. ಅವಲಕ್ಕಿ, ಚಹಾ ಮುಗಿದ ಮೇಲೆ ಹಿರಿಯರು ಇಬ್ಬರನ್ನೇ ಪಡಸಾಲೆಯಲ್ಲಿ ಬಿಟ್ಟರು.

"ಯಾರೂ ಕರೀದ ಓ ಅಂತೀರಿ, ಹೌದಿಲ್ರಿ?"

'ಮುಗಿಯಿತು' ಅಂದುಕೊಂಡಳು. "ಹೂಂ..."

"ನಾ ಜೀವಕೋಶ ಬೆಳಸೋ ಗಾಜಿನ ತಾಟಿನ್ಯಾಗೂ ಇದ ನಡದೈತ್ರಿ," ಎಂದು ಅವನು ಮುಂದೆ ಸರಿದು ಕುಳಿತ. "ಮೆಲಟೋನಿನ್ ಅಂತ ಒಂದು ಹಾರ್ಮೋನು ಐತಿ. ಕತ್ತಲಾದ್ರ ಮೈಯಾಗ ಹುಟ್ಟತೈತಿ. ಜೀವಕೋಶದ ಮ್ಯಾಲ ಅದಕ್ಕಂತನ ಗ್ರಾಹಕ ಇರತಾವು, ಮನಿಗೆ ಬಾಗಲಾ ಇದ್ದಂಗ. ಹಾರ್ಮೋನು ಬಂದು ಕುಂತ್ರ ಗ್ರಾಹಕ ಒಳಗ ಸುದ್ದಿ ಮುಟ್ಟಸತೈತಿ. ಆದ್ರ ನಾ ಹಾರ್ಮೋನು ಒಂದ ಹನಿನೂ ಹಾಕಿರಲಿಲ್ಲ. ಆದ್ರೂ ಸಣ್ಣಾಗಿ ಸುದ್ದಿ ಹೋಗಾಕ ಹತ್ತಿತ್ತು."

"ಯಾರೂ ಬರದ?"

"ಯಾರೂ ಬರದ. ನನ್ನ ಕೈ ತಪ್ಪು ಅಂತ ಎಲ್ಲಾ ತೊಳದ ತೊಳದೆ. ತಪ್ಪಲ್ರಿ, ಅದರ ಗುಣಾನ ಹಂಗ. ಒಳಗಿನ ಸಂಗಾತಿ ಪ್ರೋಟೀನು ಮೊದಲ ಗ್ರಾಹಕದ ಕೈ ಹಿಡಕೊಂಡು ಕುಂತಿರತೈತಿ, ಅದಕ್ಕ ಯಾರೂ ಬರದಿದ್ರೂ ಸುದ್ದಿ ಹೋಗತೈತಿ."

ರಾಜೇಶ್ವರಿಯ ಕಣ್ಣು ತುಂಬಿದವು. ತನ್ನನ್ನು ನೋಡಿ ಹೆದರದ ಮೊದಲ ಮನುಷ್ಯ ಇವನು. ಎದೆ ಹಗುರಾಯಿತು, ಇವನು ಬೇಕು ಅನ್ನಿಸಿತು.

ಗೌರೀಶ ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಚೆನ್ನಾಗಿತ್ತು. ಓದಿದವರಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ ನೋಡಿ.

"ಅದನ್ನ ಸುಮ್ಮನ ಮಾಡೋ ಔಷಧನೂ ಐತ್ರಿ. ಹಾಕಿದ್ರ ಆ ಸಣ್ಣ ಸುದ್ದಿನೂ ನಿಂತಹೋಗತೈತಿ."

ಅವಳು ತಟ್ಟನೆ ಎದ್ದಳು. "ನನ್ನೂ ಸುಮ್ಮನ ಮಾಡಾಕ ಬಂದೀರೇನ್ರಿ?"

ಅವನು ಬಾಯಿ ತೆರೆಯುವಷ್ಟರಲ್ಲಿ ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ಈ ಸಂಬಂಧ ಒಲ್ಲೆ ಎಂದಳು.

ಆ ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಗಾಳಿ ಬಿಡಿಸುವ ಬಸಯ್ಯ ಸ್ವಾಮಿಗಳು ಬಂದು ಅವಳ ಮಣಿಕಟ್ಟಿಗೆ ಕಪ್ಪು ದಾರ ಕಟ್ಟಿದರು. ಹಿಂದೆಲ್ಲ ಬೇಡ ಎಂದವಳು, ಇದ್ದೊಂದು ಸಂಬಂಧವೂ ಹೋದ ಮೇಲೆ, ಈ ಸಲ ಸೋತು ತಾನೇ ಕೈ ಚಾಚಿದ್ದಳು. ಅಂದಿನಿಂದ 'ಓ' ನಿಂತಿತು. ಸುಂದರವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು.

ರಾಜೇಶ್ವರಿಗೆ ಮಾತ್ರ ಭಯ ಹೆಚ್ಚಿತು. ಸಂಜೆ ತುಟಿ ತಾನಾಗಿ ತೆರೆಯುತ್ತಿತ್ತು, ಒಳಗಿನಿಂದ ಏನೂ ಬರುತ್ತಿರಲಿಲ್ಲ. ಒಳಗೆ ಕೈ ಹಿಡಿದು ಕುಳಿತಿದ್ದವರು ಎದ್ದುಹೋದ ಹಾಗೆ. 'ಹೆದರದವನು ಅವನೊಬ್ಬನೇ... ಅವನನ್ನೂ ಕಳಿಸಿಬಿಟ್ಟೆನಲ್ಲ.'

ವಾರ ಕಳೆದಿರಬೇಕು. ತಾಯಿ ಮಗಳು ದೇವರ ಮುಂದೆ ದೀಪ ಹಚ್ಚುತ್ತಿದ್ದರು. ಹೊರಗೆ ಹೆಜ್ಜೆ ಸಪ್ಪಳ ಬಂದು ಬಾಗಿಲ ಬಳಿ ನಿಂತಿತು.

ಯಾರೂ ಕರೆಯಲಿಲ್ಲ. ಬಾಗಿಲಾಚೆಯಿಂದ ಗಂಡುದನಿಯೊಂದು ಉತ್ತರ ಕೊಟ್ಟಿತು.

"ಓ... ಬಂದೆ."

ಸುಂದರವ್ವನ ಕೈಯ ಕಡ್ಡಿಪೆಟ್ಟಿಗೆ ಬಿತ್ತು. "ಯಾರು ಕರದ್ರವಾ? ನೀ ಕರದ್ಯಾ?"

"ಇಲ್ಲ."

"ತಗೀಬ್ಯಾಡ. ಮನಷ್ಯಾ ಅಲ್ಲ ಅದು."

ತಡೆದು ಹಿಡಿದ ತಾಯಿಯ ಕೈ ಬಿಡಿಸಿಕೊಂಡು ರಾಜೇಶ್ವರಿ ಬಾಗಿಲು ತೆರೆದಳು.

ಗೌರೀಶ ನಿಂತಿದ್ದ. ಕಣ್ಣು ಗುಳಿಬಿದ್ದು, ಗಡ್ಡ ಬೆಳೆದಿತ್ತು.

"ನನ್ನ ಕರದ್ರೇನ್ರಿ?"

"ಇಲ್ರಿ..."

"ಗೊತ್ತೈತ್ರಿ. ಹೋದ ಶುಕ್ರವಾರ ದೀಪ ಹಚ್ಚೋ ಹೊತ್ತಿನಿಂದ ಹಿಂಗ ಆಗೇತಿ. ಎಲ್ಲಾರ ಮುಂದ ಓ ಅಂತ ಎದ್ದು ಬಾಗಲಕ್ಕ ಹೋಗತೇನಿ. ದನಿ ಕೇಳಿರಂಗಿಲ್ಲ."

ಅವಳು ಮಣಿಕಟ್ಟಿನ ದಾರ ನೋಡಿದಳು. ದಾರದ ಸುದ್ದಿ ಪುಣೆಗೆ ಮುಟ್ಟಿಸಿದವರು ಯಾರೂ ಇರಲಿಲ್ಲ.

"ಹೆದರಿಕಿ ಬಂತೇನ್ರಿ?"

"ಭಾಳ," ಎಂದ. "ಆದ್ರ ಯಾರ ಬಾಗಲಕ್ಕ ಹೋಗಬೇಕು ಅನ್ನೋದು ಗೊತ್ತಿತ್ತು. ಅವತ್ತು ನಿಮ್ಮನ್ನ ಸುಮ್ಮನ ಮಾಡತೇನಿ ಅಂದಿರಲಿಲ್ರಿ. ಔಷಧ ಹಾಕಿದಾಗ ಆ ಸುದ್ದಿ ನಿಂತಿತು. ಅಂದ್ರ ಅಲ್ಲೀ ತನಕ ಅದು ಖರೇನ ಇತ್ತು ಅಂತ ಆತಲ್ರಿ? ನಿಮ್ಮ ಓ ಸುಳ್ಳಲ್ಲ ಅಂತ ಹೇಳಾಕ ಹೋದೆ. ಹೇಳಾಕ ಬರಲಿಲ್ಲ."

ಅವಳು ಅಳುತ್ತಲೇ ಕೈ ಮುಂದೆ ಚಾಚಿದಳು. ಅವನು ದಾರದ ಗಂಟು ಬಿಚ್ಚಿದ. ಬೆರಳು ತಣ್ಣಗಿದ್ದವು.

"ನೀವು ನನಗ ಬೇಕ್ರಿ, ರಾಜೇಶ್ವರಿ. ಓ ಅನ್ನೋ ನೀವ ಬೇಕು."

ಒಳಗಿನಿಂದ ಸುಂದರವ್ವ ಕೇಳಿದಳು, "ಯಾರವಾ ಅಲ್ಲಿ? ಎಷ್ಟು ಸಲ ಕರದ್ರು?"

ರಾಜೇಶ್ವರಿ ಅವನ ಮುಖ ನೋಡಿದಳು. "ನೀವು ಕರದ್ರೇನ್ರಿ?"

"ಒಂದ ಸಲಾನೂ ಇಲ್ಲ."

"ಹಂಗಾರ ಒಳಗ ಬರ್ರಿ," ಎಂದು ಅವನ ಕೈ ಹಿಡಿದಳು.