ಹೂವಿನ ಲಾಳ

ನಮ್ಮೂರ ತಂಡದ ಮ್ಯಾಲಕಿ ಬ್ಯಾಟು ಹಿಡಿದು ಬಂದ ಕೂಡಲೇ ಆಟ ನಿಂತಿತು. ಅಂಗಿಯ ಕಾಲರ್ ಮಾಡುವ ಫ್ಯಾಕ್ಟರಿ ಧಣಿಯ ಮಗಳು ಮಿಸ್ ಆಗಸ್ಟಾ ಕಳಿಸಿದ ಹೂವಿನ ಲಾಳವನ್ನು ಇಬ್ಬರು ಹೊತ್ತು ಮೈದಾನದ ನಡುವೆ ತಂದಿಟ್ಟರು. ಅದೃಷ್ಟ ತರಲೆಂದು ಕುದುರೆ ಲಾಳದ ಆಕಾರದಲ್ಲಿ ಕಟ್ಟಿದ್ದು, ಎದೆಯೆತ್ತರ, ಪೂರಾ ಬಿಳಿ ಗುಲಾಬಿ. ಮೆಚ್ಚಿನ ಆಟಗಾರನಿಗೆ ಹೀಗೆ ಆಟ ನಿಲ್ಲಿಸಿ ಉಡುಗೊರೆ ಕೊಡುವುದು ನಮ್ಮ ಟ್ರಾಯ್ ಊರಿನ ಬೇಸ್‌ಬಾಲಿನಲ್ಲಿ ಹೊಸದೇನಲ್ಲ. ಆದರೆ ಅವನು ಟೋಪಿ ತೆಗೆದು, ತಲೆ ಬಾಗಿಸಿ ಅವಳ ಕಡೆ ನಕ್ಕನಲ್ಲ, ಆ ನಗು ನನ್ನದಾಗಿತ್ತು.

ಅವತ್ತು ಹೆಂಗಸರಿಗೆ ಪುಕ್ಕಟೆ ಪ್ರವೇಶ. ನಾವಿದ್ದರೆ ಗಂಡಸರ ನಾಲಿಗೆ ಸ್ವಲ್ಪ ಹಿಡಿತದಲ್ಲಿರುತ್ತದೆ ಎಂದು ಕ್ಲಬ್ಬಿನವರ ಲೆಕ್ಕಾಚಾರ. ಆಗಸ್ಟಾ ನೆರಳಲ್ಲಿ, ಲೇಸಿನ ಕೊಡೆ ಹಿಡಿದು ಕೂತಿದ್ದಳು. ಅವರ ಕಾಲರ್‌ಗಳಿಗೆ ಗಂಜಿ ಹಾಕಿ ಇಸ್ತ್ರಿ ಮಾಡುವ ನಾವು ಬಿಸಿಲಿಗೆ ಕಾದ ಹಲಗೆಯ ಮೇಲೆ.

"ನಿಮ್ಮಮ್ಮ ಬಾಡಿಗೆ ಮನೆಗೆ ಬೋರ್ಡ್ ಹಾಕಿದಾರಲ್ಲೇ ವಿನ್ನಿ, ಚೆಂಡಾಟದೋರಿಗೆ ರೂಮಿಲ್ಲ ಅಂತ. ಈ ಮಿಸ್ ಆಗಸ್ಟಾ ನೋಡಿದ್ರೆ ಹೂ ಕೊಡ್ತಾರೆ," ಎಂದಳು ಇಸ್ತ್ರಿ ಮೇಜಿನ ಗೆಳತಿ ರೋಸನ್ನ.

"ಕೊಡ್ಲಿ ಬಿಡು. ನನಗೇನು?"

ನನಗೇನು ಎಂಬುದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ. ವಸಂತ ಶುರುವಾದಾಗಿನಿಂದ ನಾನೂ ಮ್ಯಾಲಕಿಯೂ ನದಿಯ ಗೋಡೆಯ ಹತ್ತಿರ ಕದ್ದು ಸೇರುತ್ತಿದ್ದೆವು. ಚೆಂಡಾಟದವನೆಂದರೆ ಕುಡುಕ, ಜೂಜುಕೋರ, ಮೈಬಗ್ಗಿಸದ ಸೋಮಾರಿ. ಅಮ್ಮನಿಗೂ ಅಷ್ಟೇ, ಊರಿಗೂ ಅಷ್ಟೇ. ಅಂಥವನ ಜೊತೆ ಕಂಡ ಹುಡುಗಿಯ ಹೆಸರು ಸಂಜೆಯೊಳಗೆ ಕೆಡುತ್ತಿತ್ತು. ನನ್ನ ಮ್ಯಾಲಕಿ ಶನಿವಾರ ಒಂದು ಗ್ಲಾಸ್ ಬಿಯರ್ ಕುಡಿಯುತ್ತಾನೆ, ನಮ್ಮ ಪಾದ್ರಿಗಳಿಗಿಂತ ಕಡಿಮೆ.

ಮರುದಿನ ಸಂಜೆ ಅವನು ಗೋಡೆಯ ಬಳಿ ಬಂದಾಗ ನಾನು ಮುಖ ಕೊಡಲಿಲ್ಲ.

"ಲಾಳ ಕಟ್ಟಿಸಿದೋರು ಹೇಗಿದಾರೆ? ಕುದುರೆಗೆ ತಾನೇ ಲಾಳ ಹೊಡೆಸೋದು?"

ಅವನು ಓರೆಗಣ್ಣಲ್ಲಿ ನನ್ನನ್ನೇ ನೋಡಿದ. ತುಟಿಯ ಒಂದು ತುದಿ ಮಾತ್ರ ನಕ್ಕಿತು. "ಹೊಟ್ಟೆಕಿಚ್ಚಾ?"

"ನನಗ್ಯಾಕೆ? ಅವಳ ಕೈ ಬೆಣ್ಣೆ ಥರ ಇರತ್ತೆ. ನಂದು ಇಸ್ತ್ರಿ ಸುಟ್ಟ ಕೈ."

ಆ ಸುಟ್ಟ ಕೈಯನ್ನೇ ಅವನು ಹಿಡಿದುಕೊಂಡ. ಬರಿಗೈಯಲ್ಲಿ ಚೆಂಡು ಹಿಡಿದು ಹಿಡಿದು ಮುರಿದ ಬೆರಳುಗಳು ಅವನವು, ಒಂದೊಂದೂ ಒಂದೊಂದು ಕಡೆಗೆ ಸೊಟ್ಟ. "ಬೆಣ್ಣೆ ಮುಟ್ಟೋ ಬೆರಳಾ ಇವು?" ಎಂದ. ನನ್ನ ಸಿಟ್ಟು ಕರಗುತ್ತಾ ಬಂತು.

"ಥ್ಯಾಂಕ್ಸ್ ಹೇಳೋಕೆ ಅವರ ಮನೆಗೆ ಹೋಗಿದ್ದೆ."

ಕೈ ಕಿತ್ತುಕೊಂಡೆ. "ಮನೆಗೂ ಹೋದ್ಯಾ?"

"ಹೋದೆ. ಮೇಲೆ ಕಿಟಕೀಲಿ ಅವಳೇ ನಿಂತಿದ್ಲು. ನನ್ನ ನೋಡಿ ಪರದೆ ಎಳೆದ್ಲು. ಆಳು ಬಂದು, ಮನೇಲಿ ಯಾರೂ ಇಲ್ಲ ಅಂದ."

"ಅಯ್ಯೋ ಪಾಪ," ಎಂದೆ. ಒಳಗೊಳಗೇ ಕುಣಿಯುವಷ್ಟು ಖುಷಿಯಾಗಿತ್ತು.

ಅಷ್ಟರಲ್ಲಿ ದಾರಿಯಲ್ಲಿ ನಮ್ಮ ಮನೆಯಲ್ಲಿ ಬಾಡಿಗೆಗಿರುವ ಮಿಸೆಸ್ ಕಿಯೋ ಕಾಣಿಸಿದರು. ನಾನು ತಟ್ಟನೆ ದೂರ ಸರಿದು, ದೋಣಿಗಳನ್ನು ನೋಡುತ್ತಾ ನಿಂತೆ, ಎಂದಿನಂತೆ. ಅವರು ಹೋದ ಮೇಲೆ ತಿರುಗಿದರೆ ಮ್ಯಾಲಕಿಯ ಮುಖದಲ್ಲಿ ನಗುವಿರಲಿಲ್ಲ.

"ಅವಳು ಊರೆದುರು ಹೂವಾದ್ರೂ ಕೊಟ್ಲು ವಿನ್ನಿ, ಪರದೆ ಎಳೆದದ್ದು ಆಮೇಲೆ. ನೀನು ಒಂದು ಸಲಾನೂ ಪರದೆ ತೆಗೆದೇ ಇಲ್ಲ."

ನಾನು ಮತ್ತೆ ದೋಣಿಗಳ ಕಡೆಗೇ ತಿರುಗಿದೆ.

"ಬಫಲೋ ಊರಿನ ತಂಡದೋರು ಕರೀತಿದಾರೆ. ಭಾನುವಾರ ಪೂಜೆ ಮುಗಿಯೋ ಹೊತ್ತಿಗೆ ಚರ್ಚ್ ಎದುರು ನಿಂತಿರ್ತೀನಿ. ಎಲ್ಲರೆದುರು ಬಂದು ಮಾತಾಡಿಸಿದ್ರೆ ಇಲ್ಲೇ ಇರ್ತೀನಿ. ಇಲ್ಲಾಂದ್ರೆ ಸಂಜೆ ರೈಲು ಹತ್ತುತ್ತೀನಿ."

ಭಾನುವಾರ ಅವನು ಟೋಪಿ ಕೈಯಲ್ಲಿ ಹಿಡಿದು ರಸ್ತೆಯಾಚೆ ನಿಂತಿದ್ದ. ಚರ್ಚಿನ ಮೆಟ್ಟಿಲ ಮೇಲೆ ಅಮ್ಮ ಪಾದ್ರಿಗಳೊಡನೆ ಮಾತಾಡುತ್ತಿದ್ದಳು. ಜನ ಅವನನ್ನು ನೋಡಿ ಮೂಗು ಮುರಿಯುತ್ತಾ ಇಳಿದುಹೋದರು. ನಾನು ಮೆಟ್ಟಿಲ ಮೇಲೇ ನಿಂತಿದ್ದೆ. ಅವನು ಒಂದು ಸಲ ನನ್ನನ್ನು ನೋಡಿ, ಟೋಪಿ ತಲೆಗೆ ಹಾಕಿಕೊಂಡ.

ಆಗ ರೋಸನ್ನ ಕಣ್ಣಿಗೆ ಬಿದ್ದಳು. ಅವನನ್ನೇ ನೋಡುತ್ತಾ, ಕಿವಿಯ ಹಿಂದಿನ ಕೂದಲನ್ನು ನಿಧಾನವಾಗಿ ಸರಿಮಾಡಿಕೊಳ್ಳುತ್ತಿದ್ದಳು. ಮೂರು ದಿನ ಹುಡುಕಿದರೂ ಸಿಗದ ಧೈರ್ಯ ಅಲ್ಲೇ ಸಿಕ್ಕಿತು. ಮೆಟ್ಟಿಲಿಳಿದು, ರಸ್ತೆ ದಾಟಿ, ಅವನ ತೋಳಿಗೆ ತೋಳು ಸೇರಿಸಿ ನಿಂತುಬಿಟ್ಟೆ. ಅವನ ಸೊಟ್ಟ ಬೆರಳುಗಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದವು.

ಅಮ್ಮನ ಮುಖ ಕೆಂಪೇರಿತ್ತು.

"ವಿನಿಫ್ರೆಡ್, ಯಾರೇ ಅವನು?"

"ಚೆಂಡಾಟದೋನಮ್ಮ," ಎಂದೆ, ರೋಸನ್ನಳಿಗೂ ಕೇಳುವ ಹಾಗೆ. "ನನ್ನೋನು."