ಮೂವತ್ತೊಂದು ಸೇವ್

“ನಿಮ್ಮ ಮಾತು ಕೇಳಿ ಆ ವೈದ್ಯಿನ್ನ ಕೊಂದುಬಿಟ್ಟೆ ನೋಡ್ರಿ!”

ಗಾಣಗಾಪುರದ ಲಾಡ್ಜಿನ ಕೌಂಟರಿನಿಂದ ನಾಗರತ್ನಾ ಸಿಡುಕಿದಾಗ, ಸಿಸಿಟಿವಿ ರಿಪೇರಿಗೆ ಅಫಜಲಪುರದಿಂದ ಬಂದಿದ್ದ ಶಂಕರಲಿಂಗನ ಕೈಯಿಂದ ಸ್ಕ್ರೂಡ್ರೈವರ್ ಜಾರಿತು. ಪುಣ್ಯಕ್ಕೆ, ಸತ್ತದ್ದು ಗೇಮಿನೊಳಗಿನ ವೈದ್ಯೆ. ರಾಜರು, ಮಾಟಗಾರರು ಇರುವ ಗೇಮ್ ಅದು. ಆಡುವವರು ಆರಿಸುವ ಒಂದೊಂದು ಉತ್ತರಕ್ಕೂ ಕಥೆ ಬೇರೆ ದಾರಿ ಹಿಡಿಯುತ್ತದೆ; ಬೇಕೆಂದಲ್ಲಿ ಆಟವನ್ನು ಸೇವ್ ಮಾಡಿಟ್ಟು, ಮತ್ತೆ ಅಲ್ಲಿಂದಲೇ ಆಡಬಹುದು. ಹೊಸಬರಿಗೆ ಅದನ್ನು ಹೇಳಿಕೊಡುವ ಯೂಟ್ಯೂಬ್ ಚಾನೆಲ್ ನಮ್ಮ ಶಂಕರಲಿಂಗನದು. ಈ ಲಾಡ್ಜಿನ ಕ್ಯಾಮೆರಾ ತಿಂಗಳಲ್ಲಿ ಮೂರು ಸಲ ಕೆಟ್ಟಿತ್ತು, ಕೆಟ್ಟಷ್ಟೂ ಅವನಿಗೆ ಖುಷಿ. ಬಂದಾಗಲೆಲ್ಲ ಅವಳಿಗೂ ಗೇಮಿನ ಹುಚ್ಚು ಹಿಡಿಸಿದ್ದ.

“ಅಂಜದಂಗ ಉತ್ತರ ಆರಿಸ್ರಿ, ಹಳೇ ಸೇವ್‌ಗೆ ಓಡಬ್ಯಾಡ್ರಿ ಅಂದ್ರಿ. ಎದುರಿನವರ ಮಾತು ಪೂರಾ ಕೇಳ್ರಿ, ಸ್ಕಿಪ್ ಒತ್ತಬ್ಯಾಡ್ರಿ ಅಂದ್ರಿ. ಎಲ್ಲಾ ಮಾಡಿದೆ. ನೀವು ಹೆಂಗ ಉಳಿಸಿದ್ರಿ ಆಕಿನ್ನ? ತೋರಸ್ರಿ.”

ಯಾತ್ರಿಕರೆಲ್ಲ ಮಧುಕರಿ ಭಿಕ್ಷೆ ಬೇಡಲು ಹೋಗಿದ್ದ ಮಧ್ಯಾಹ್ನ, ಲಾಡ್ಜು ಖಾಲಿ. ಅವಳೇ ಅವನ ಲ್ಯಾಪ್‌ಟಾಪ್ ಎಳೆದುಕೊಂಡಳು. ಬೇಡ ಎನ್ನುವಷ್ಟರಲ್ಲಿ ಸೇವ್‌ಗಳ ಪಟ್ಟಿ ತೆರೆದುಕೊಂಡೇಬಿಟ್ಟಿತು.

ನಾಗರತ್ನಾ 1. ನಾಗರತ್ನಾ 2. ಹೀಗೆ ಮೂವತ್ತೊಂದು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಶಂಕರಲಿಂಗನಿಗೆ.

ಅವಳು ಒಂದನ್ನು ತೆರೆದಳು. ಕೆರೆಯ ದಂಡೆ, ಎದುರಿಗೆ ವೈದ್ಯೆ, ನಾಯಕನ ಮುಂದೆ ಎರಡೇ ಉತ್ತರ: ಮನಸ್ಸು ಬಿಚ್ಚಿ ಹೇಳುವುದು, ಇಲ್ಲವೇ ಸುಮ್ಮನೆ ಹೊರಟುಹೋಗುವುದು. ಇನ್ನೊಂದು ತೆರೆದಳು. ಅದೇ ಕೆರೆ. ಕೊನೆಯದರಲ್ಲೂ ಅದೇ ಕೆರೆ.

“ಇದರ ಮುಂದಿಂದು ಎಲ್ಲದ್ರಿ?”

“ಇಲ್ರಿ. ಯಾವ ಉತ್ತರನೂ ಒಮ್ಮೆನೂ ಒತ್ತಿಲ್ಲ. ಆಕಿ ಒಲ್ಲೆ ಅಂದ್ರ ಅಂತ ಅಂಜಿಕಿ. ಮುಂದಿನದೆಲ್ಲಾ ಬ್ಯಾರೆಯವರ ವಿಡಿಯೋ ನೋಡಿ ಹೇಳೀನಿ.”

“ಅಯ್ಯ! ಊರಿಗೆಲ್ಲಾ ಅಂಜಬ್ಯಾಡ್ರಿ ಅಂತೀರಿ?”

“ನನಗೂ ನಾಚಿಕಿ ಆಗತದ್ರಿ.”

“ಮತ್ತ ಈ ಹೆಸರು?”

ಅವನಿಗೆ ಸುಳ್ಳು ಹೇಳಲು ಎಷ್ಟು ಹುಡುಕಿದರೂ ಒಂದೂ ಸಿಗಲಿಲ್ಲ.

“ನಿಮ್ದರಿ. ನಿಮ್ಮ ಮ್ಯಾಲೆ ಮನಸ ಅದ ನನಗ.”

ಹೇಳಿದ್ದೇ ತಡ, ಬ್ಯಾಗು ಹೆಗಲಿಗೇರಿಸಿ, ಲ್ಯಾಪ್‌ಟಾಪನ್ನೂ ಮರೆತು ಬಾಗಿಲಿಗೆ ನಡೆದ.

“ನಿಲ್ರಿ.”

ನಿಂತ. ತಿರುಗಿ ನೋಡುವ ಧೈರ್ಯ ಬರಲಿಲ್ಲ.

“ಪೂರಾ ಮಾತು ಕೇಳ್ರಿ, ಸ್ಕಿಪ್ ಒತ್ತಬ್ಯಾಡ್ರಿ ಅಂದವರು ನೀವ. ನನ್ನ ಉತ್ತರ ಬ್ಯಾಡೇನು?”

ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ಅವಳ ದನಿ ಸಣ್ಣಗಾಯಿತು.

“ಮೂರು ಸಲನೂ ಆ ಕ್ಯಾಮೆರಾದ ವೈರ್ ಕಿತ್ತಿದ್ದು ನಾನರಿ. ನನಗೂ ನಾಚಿಕಿ ಆಗಾಕತ್ತದ. ಬಂದು ಕೂಡ್ರಿ.”